ನಿಂತಲ್ಲೇ ಓಡಿದ ನಲವತ್ತು ದಿನ

ಮೇ ತಿಂಗಳ ಮೊದಲ ಹದಮಳೆ ಬಿದ್ದ ಮರುದಿನ, ಉಳುಮೆ ಶುರುಮಾಡಿ ಇನ್ನೂ ಮೂರನೆಯ ಸಾಲಿನಲ್ಲಿರುವಾಗಲೇ ನನಗೆ ಡಿಸೆಂಬರ್ ನೆನಪಾಯಿತು. ನೆನಪು ಮಾಡಿಕೊಟ್ಟದ್ದು ವಾಸನೆ. ಇಂಜಿನ್ನಿನ ಕಡೆಯಿಂದ ಮೆಕ್ಕೆಜೋಳದ ಹೊಟ್ಟು ಸೀದಂಥ ವಾಸನೆ ಬರುತ್ತಿತ್ತು. ಇಡೀ ಊರಿನಲ್ಲಿ ಯಾರೂ ಇನ್ನೂ ಒಂದು ಕಾಳೂ ಬಿತ್ತಿರಲಿಲ್ಲ.

ಟ್ರ್ಯಾಕ್ಟರ್ ದಕುರಾ ಅವರದು. ತೀರಿಹೋದ ನನ್ನ ಗಂಡನಿಗೆ ಅವರು ದೊಡ್ಡಪ್ಪ, ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ನಾನು ಅದನ್ನು ಓಡಿಸಲು ಹಿಡಿದು ನಾಲ್ಕು ವರ್ಷ. ಎರಡನೆಯ ವರ್ಷವೇ ಅದರ ಗಂಟೆ ಮೀಟರ್ ಕೆಟ್ಟು ನಿಂತಿತು. ಆಗ ದಕುರಾ ಒಂದು ನಿಯಮ ಮಾಡಿದರು. ಇನ್ನೂರೈವತ್ತು ಗಂಟೆಗೊಮ್ಮೆ ಆಯಿಲ್, ಫಿಲ್ಟರ್ ಬದಲಾಯಿಸಬೇಕೆಂದು ಪುಸ್ತಕ ಹೇಳುತ್ತದೆ. ನಮ್ಮ ಮಣ್ಣಿನಲ್ಲಿ ಒಂದು ಎಕರೆಗೆ ಒಂದು ಗಂಟೆ, ಮೇಲೊಂದಿಷ್ಟು ನಿಮಿಷ. ಹಾಗಾಗಿ ಇನ್ನೂರು ಎಕರೆಗೊಮ್ಮೆ ಬದಲಾಯಿಸಿದರೆ ಸಾಕು. ಎಕರೆಗೊಂದರಂತೆ ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುವುದು ನನ್ನ ಕೆಲಸ. ಕಳೆದ ಜೂನ್‌ನಲ್ಲಿ ಆಯಿಲ್ ಬದಲಾಯಿಸಿದ ಮೇಲೆ ನೂರೈವತ್ತೆಂಟು ಗೆರೆಗಳಾಗಿದ್ದವು.

ಆದರೆ ಡಿಸೆಂಬರ್, ಜನವರಿಯಲ್ಲಿ ನಾವು ಊರೂರು ತಿರುಗಿ ಮೆಕ್ಕೆಜೋಳ ಬಿಡಿಸಿದ್ದೆವು. ಟ್ರ್ಯಾಕ್ಟರನ್ನು ಕಣದಲ್ಲಿ ನಿಲ್ಲಿಸಿ, ಹಿಂದಿನ ಶಾಫ್ಟಿಗೆ ಯಂತ್ರ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಓಡಿಸುವುದು. ಮರಳುಗಾಡಿನ ಗಾಳಿ ಬೀಸುವ ತಿಂಗಳು, ಹೊಟ್ಟು ಹೊಗೆಯ ಹಾಗೆ ಎದ್ದು ಕುಳಿತವರ ರೆಪ್ಪೆಯ ಮೇಲೂ ಕೂರುತ್ತಿತ್ತು. ಹಾಗೆ ನಲವತ್ತು ದಿನ. ಒಂದೇ ಒಂದು ಎಕರೆಯೂ ಆಗಲಿಲ್ಲ, ನಾನು ಒಂದು ಗೆರೆಯೂ ಎಳೆಯಲಿಲ್ಲ.

ಇದು ಹೊಳೆದ ಕ್ಷಣದಿಂದ ನನ್ನ ಕಣ್ಣು ಸಾಲಿನ ಮೇಲೆ ನಿಲ್ಲಲಿಲ್ಲ. ಆಯಿಲ್ ಒತ್ತಡ ತೋರಿಸುವ ಮುಳ್ಳು, ಇಂಜಿನ್ ಬಿಸಿಯಾದಂತೆ, ತಾನಿರಬೇಕಾದ ಜಾಗದಿಂದ ಎರಡು ಬೆರಳು ಕೆಳಗೆ ಕೂತಿತ್ತು. ತಿರುವಿನಲ್ಲಿ ವೇಗ ತಗ್ಗಿಸಿದರೆ ಇನ್ನೂ ಕೆಳಗೆ.

ಸಂಜೆ ದಕುರಾ ಅವರ ಮನೆಮುಂದಿನ ಮರದ ಕೆಳಗೆ ಮೂವತ್ತು ಜನ ಕೂತಿದ್ದರು. ಎಲ್ಲರಿಗೂ ಅವರವರ ಹೊಲದ ಸರದಿ ಬೇಕಿತ್ತು. ಹದ ಐದು ದಿನ ನಿಂತರೆ ಹೆಚ್ಚು, ಆಮೇಲೆ ನಮ್ಮ ನೆಲಕ್ಕೆ ನೇಗಿಲು ಇಳಿಯುವುದಿಲ್ಲ. ಆಯಿಲ್ ಈಗಲೇ ಬದಲಾಯಿಸೋಣ ಎಂದೆ. ಎಷ್ಟು ಎಕರೆಯಾಯಿತು ಎಂದು ಕೇಳಿದರು. ಇವತ್ತಿನದೂ ಸೇರಿ ನೂರರುವತ್ತಾರು ಎಂದೆ. ಇನ್ನೂ ಮೂವತ್ತನಾಲ್ಕು ಬಾಕಿ, ನಾಲ್ಕು ದಿನದ ಕೆಲಸ, ಹದ ಮುಗಿದ ಮೇಲೆ ನಿಧಾನವಾಗಿ ಬದಲಾಯಿಸು ಎಂದರು. ಡಿಸೆಂಬರಿನಲ್ಲಿ ಸುಮಾರು ಓಡಿತ್ತಲ್ಲ ಎಂದು ನಾನು ರಾಗ ಎಳೆದೆ.

"ಎಲ್ಲಿ ಓಡ್ತಮ್ಮ ಅದು? ಕಣದಲ್ಲಿ ನಿಂತಿತ್ತು," ಎಂದರು. ಕೂತವರು ನಕ್ಕರು.

ಆಗ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತು ಗಂಡಸರ ಎದುರು ದೊಡ್ಡಪ್ಪನ ಲೆಕ್ಕ ತಪ್ಪು ಎನ್ನುವುದು ಒಂದು ಕಷ್ಟ. ಗೆರೆ ಎಳೆಯುವವಳು ನಾನೇ, ನಲವತ್ತು ದಿನ ಬಿಟ್ಟವಳೂ ನಾನೇ ಎಂದು ಒಪ್ಪಿಕೊಳ್ಳುವುದು ಅದಕ್ಕಿಂತ ದೊಡ್ಡ ಕಷ್ಟ. ನನಗಿಂತ ಮುಂಚಿನ ಡ್ರೈವರ್ ಒಮ್ಮೆ ಕ್ಲಚ್ ಸುಟ್ಟದ್ದಕ್ಕೆ ದಕುರಾ ಅವನನ್ನು ಮತ್ತೆಂದೂ ಆ ಸೀಟಿಗೆ ಹತ್ತಿಸಲಿಲ್ಲ. ನನ್ನ ಮೂರು ಮಕ್ಕಳು ಉಣ್ಣುವುದು ಆ ಸೀಟಿನಿಂದ. ಹೇಳಿದರೆ ಸೀಟು ಹೋಗಬಹುದು. ಹೇಳದಿದ್ದರೆ ಇಂಜಿನ್ನೇ ಹೋಗಬಹುದು, ಆಗ ಸೀಟಿದ್ದೂ ಏನು. ಮನೆಗೆ ಬಂದು ಮುದ್ದೆ ತಿರುವುತ್ತಿದ್ದಾಗ ದೊಡ್ಡ ಮಗಳು, ಯಾಕಮ್ಮ ಮಡಕೆಗೆ ಕಿವಿ ಕೊಟ್ಟು ಕೂತಿದ್ದೀಯ ಎಂದು ಕೇಳಿದಳು.

ಎರಡನೆಯ ದಿನ ಸಾಲು ಹಾವಿನಂತೆ ಹೋಯಿತು. ಮಧ್ಯಾಹ್ನ ನೀರು ತರುವ ನೆಪ ಮಾಡಿ ಟ್ರ್ಯಾಕ್ಟರನ್ನು ಕೂಡುರಸ್ತೆಯ ಅಕೊಲ್ಗೊನ ಶೆಡ್ಡಿಗೆ ತಿರುಗಿಸಿದೆ. ಅಕೊಲ್ಗೊ ಮೆಕ್ಯಾನಿಕ್. ಬೋಲ್ಗಾ ಪಟ್ಟಣದ ಕಡೆಯ ಫ್ರಾಫ್ರಾ ಜನಾಂಗದವನು, ನಮ್ಮ ಊರಿಗೆ ಬಂದು ಹದಿನೈದು ವರ್ಷ. ಫ್ರಾಫ್ರಾದವರಿಗೂ ದಗಾಬಾ ಜನಾಂಗದ ನಮಗೂ ಹಿಂದಿನಿಂದ ಬಂದ ಗೇಲಿಯ ನಂಟು. ಅವರು ನಮ್ಮನ್ನು, ನಾವು ಅವರನ್ನು ಏನೆಂದರೂ ಯಾರೂ ಸಿಟ್ಟು ಮಾಡುವಂತಿಲ್ಲ. ಸಾವಿನ ಮನೆಯಲ್ಲೂ ಇಲ್ಲ.

ಅವನು ಆಯಿಲ್ ನೋಡುವ ಕಡ್ಡಿ ಎಳೆದು, ಎರಡು ಬೆರಳ ನಡುವೆ ಉಜ್ಜಿ, ಮೂಸಿದ. ಗಾಳಿ ಸೋಸುವ ಬಟ್ಟಲನ್ನು ಬಿಚ್ಚಿದ. ಒಳಗಿನ ಎಣ್ಣೆಯಲ್ಲಿ ಹೊಟ್ಟು ಕಲೆತು ಗಟ್ಟಿಯಾಗಿತ್ತು. ಸೌಟಿನಲ್ಲಿ ಬಡಿಸಬಹುದಿತ್ತು.

"ಏನೇ ದೊಮಿತಿಲ್ಲಾ, ಮಕ್ಕಳಿಗೆ ಅಡುಗೆ ಇದರಲ್ಲೇ ಮಾಡ್ತೀಯಾ?"

ನಾನು ನಗಲಿಲ್ಲ. ಇದ್ದದ್ದನ್ನೆಲ್ಲ ಹೇಳಿದೆ. ದಕುರಾಗೆ ನೀನೇ ಹೇಳು ಎಂದು ಕೇಳಿಕೊಂಡೆ. ಅವನು ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೇರೆ ಎಣ್ಣೆ ಹಾಕಿಕೊಟ್ಟ. ಇಂಜಿನ್ನಿನ ಹೊಟ್ಟೆಯೊಳಗಿನ ಆಯಿಲ್ ನನ್ನ ಕೈಯಲ್ಲಿಲ್ಲ, ಹೊಸ ಫಿಲ್ಟರ್ ವಾ ಪಟ್ಟಣದಿಂದ ಬರಬೇಕು, ತರಬೇಕಾದವನು ಯಜಮಾನ ಎಂದ.

"ದಗಾಬಾಗೆ ಬುದ್ಧಿ ಹೇಳೋಕೆ ನನಗೇನು ತಲೆ ಕೆಟ್ಟಿದ್ಯಾ? ನಾಳೆ ಬಂದು ಹೆಣ ನೋಡ್ತೀನಿ."

ಮೂರನೆಯ ದಿನ ಬೆಳಿಗ್ಗೆ ನಾನಿನ್ನೂ ನೇಗಿಲು ಇಳಿಸಿರಲಿಲ್ಲ. ದಕುರಾ ಸರದಿಯ ಪಟ್ಟಿ ಹಿಡಿದು ಬದುವಿನ ಮೇಲೆ ನಿಂತಿದ್ದರು, ಹತ್ತಿಪ್ಪತ್ತು ಜನ ಸುತ್ತ ಇದ್ದರು. ರಸ್ತೆಯ ಕಡೆಯಿಂದ ಗೋಳಾಟ ಕೇಳಿಸಿತು. ಅಕೊಲ್ಗೊ ಹೆಂಡತಿಯ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡು, ಎದೆ ಬಡಿದುಕೊಂಡು, ಸಾವಿನ ಮನೆಗೆ ಬರುವವರ ಹಾಗೇ ಬರುತ್ತಿದ್ದ. ನೆಟ್ಟಗೆ ಬಂದು ಟ್ರ್ಯಾಕ್ಟರಿನ ಕೀ ಕಿತ್ತು ಜೇಬಿಗೆ ಹಾಕಿಕೊಂಡ. ಬಾನೆಟ್ಟಿನ ಮೇಲೆ ಬಿದ್ದು, ನನ್ನ ಭಾವ ಹೋಗಿಬಿಟ್ಟ, ಎಷ್ಟು ದುಡಿದ, ಯಾರೂ ಒಂದು ಗುಟುಕು ಕೊಡಲಿಲ್ಲ ಎಂದು ಹಾಡಿ ಅತ್ತ. ಆಮೇಲೆ ಸೊಂಟದಿಂದ ಹಗ್ಗ ತೆಗೆದು, ಸತ್ತವರಿಗೆ ತೀರಾ ಹತ್ತಿರದವರನ್ನು ಕಟ್ಟುವಂತೆ ದಕುರಾ ಅವರ ನಡುವಿಗೆ ಕಟ್ಟಿ, ತುದಿ ಹಿಡಿದು ನಿಂತ. ದುಃಖದಲ್ಲಿ ಬಾವಿಗೆ ಹಾರಬಾರದಲ್ಲ.

ಜನ ನಕ್ಕು ನಕ್ಕು ನೆಲಕ್ಕೆ ಕೂತರು. ಇಬ್ಬರು ಹೆಣದ ಮುಂದೆ ಕಾಸು ಎಸೆಯುವಂತೆ ಕಡಲೆಕಾಯಿ ಎಸೆದರು. ದಕುರಾ ಕೂಡ ನಕ್ಕರು, ನಗದೆ ಬೇರೆ ದಾರಿಯಿರಲಿಲ್ಲ.

"ಆಯ್ತು ಕಣೋ ನಾಯಿ ತಿನ್ನೋನೇ. ಕೀ ಕೊಡು, ಹದ ಆರ್ತಾ ಇದೆ."

"ಹೆಣ ಎತ್ತೋ ಮುಂಚೆ, ಯಾಕೆ ಸತ್ತ ಅಂತ ಕೇಳೋದು ನಿಮ್ಮೋರ ಪದ್ಧತಿ. ಕೇಳು ಯಜಮಾನ."

ಕೇಳಿದರು. ಅಕೊಲ್ಗೊ ಕಡ್ಡಿ ಎಳೆದು ಅವರ ಅಂಗೈಗೆ ಒರೆಸಿದ, ಉಜ್ಜು ಎಂದ. ದಕುರಾ ನಗುತ್ತಲೇ ಉಜ್ಜಿದರು. ಬರುಬರುತ್ತಾ ನಗು ನಿಂತಿತು. ಸೀಮೆಸುಣ್ಣದ ಪುಡಿಯಲ್ಲಿ ಮೂವತ್ತು ವರ್ಷ ಬೆರಳಾಡಿಸಿದವರಿಗೆ ತರಿ ಯಾವುದು, ನುಣುಪು ಯಾವುದು ಎಂದು ಹೇಳಿಕೊಡಬೇಕಾಗಿಲ್ಲ.

"ಇನ್ನೂ ಇನ್ನೂರು ಆಗಿಲ್ವಲ್ಲ," ಎಂದರು. ಕೇಳಿದ್ದು ಅವನನ್ನಲ್ಲ. ನನ್ನ ಮುಖ ನೋಡುತ್ತಿದ್ದರು.

ಅಕೊಲ್ಗೊ ಬಾಯಿ ತೆರೆದವನು ಹಾಗೇ ಮುಚ್ಚಿದ. ಗೇಲಿಯ ನಂಟು ಅವನನ್ನು ಕಾಯುತ್ತದೆ, ನನ್ನನ್ನಲ್ಲ.

"ಎಕರೆ ಆಗಿಲ್ಲ ದೊಡ್ಡಪ್ಪ, ಗಂಟೆ ಆಗಿದೆ," ಎಂದೆ. "ಜೋಳ ಬಿಡಿಸಿದ ನಲವತ್ತು ದಿನ ನಾನು ಗೆರೆ ಎಳೀಲಿಲ್ಲ. ನಿಂತಿದ್ದು ಚಕ್ರ ಮಾತ್ರ."

ಯಾರೂ ನಗಲಿಲ್ಲ. ದಕುರಾ ಅವರ ತುಟಿ ಅಲ್ಲಾಡುತ್ತಿತ್ತು. ದಿನಕ್ಕೆ ಆರು ಗಂಟೆ ಹಿಡಿದರೂ ಇನ್ನೂರನಲವತ್ತು, ಅದಕ್ಕೆ ಉಳುಮೆಯದು ಸೇರಿದರೆ ನಾನೂರು ದಾಟುತ್ತದೆ. ಅವರು ಅಲ್ಲಿಗೆ ಮುಟ್ಟಿದ್ದು ಮುಖದಲ್ಲೇ ಕಾಣಿಸಿತು. ಯೆಲ್ಪಾಲಾ ಎಂಬ ಮುದುಕ, ನನ್ನ ಹೊಲ ನಾಳೆ ಎಂದಿದ್ದಿರಿ ಎಂದು ಗೊಣಗಿದ.

ದಕುರಾ ಮನೆಗೆ ಹೇಳಿಕಳಿಸಿ ಒಂದು ಗಿನಿಕೋಳಿ ತರಿಸಿ ಅಕೊಲ್ಗೊನಿಗೆ ಕೊಟ್ಟರು, ಕೀ ಬಿಡಿಸಿಕೊಂಡು ನನ್ನ ಕೈಗಲ್ಲ, ತಮ್ಮ ಜೇಬಿಗೇ ಹಾಕಿಕೊಂಡರು. ಮೋಟರ್‌ಬೈಕ್ ಹತ್ತಿ ವಾ ಪಟ್ಟಣಕ್ಕೆ ಹೊರಟರು. ನಡುವಿನ ಹಗ್ಗ ಹಿಂದೆ ತೆವಳುತ್ತಿತ್ತು, ಯಾರೋ ಓಡಿ ಹೋಗಿ ಬಿಚ್ಚಿದರು.

ನಾನು ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಕೆಲವರು ಎತ್ತು ಹುಡುಕಲು ಹೋದರು. ಒಂದು ಹೆಂಗಸಿನ ಬಾಯಿಂದ ಒಂದು ದಿನ ಮಣ್ಣುಪಾಲಾಯಿತು ಎಂದು ಒಬ್ಬ ನನಗೆ ಕೇಳುವಂತೆಯೇ ಹೇಳಿದ. ಬಾಯಿಂದಲ್ಲ, ಬಾಯಿ ಮುಚ್ಚಿಕೊಂಡಿದ್ದರಿಂದ ಎಂದು ಹೇಳಬೇಕೆನಿಸಿತು. ಏರುವ ಬಿಸಿಲಿಗೆ ಎತ್ತರದ ಹೊಲಗಳು ಆಗಲೇ ಬಿಳಿಚಿಕೊಳ್ಳುತ್ತಿದ್ದವು.

ಮಧ್ಯಾಹ್ನ ಮೂರಕ್ಕೆ ದಕುರಾ ಆಯಿಲ್ ಡಬ್ಬವನ್ನೂ ಫಿಲ್ಟರನ್ನೂ ತಂದರು. ಇಂಜಿನ್ನನ್ನು ಸ್ವಲ್ಪ ಬಿಸಿ ಮಾಡಿ ಕೆಳಗಿನ ಬೋಲ್ಟ್ ಬಿಚ್ಚಿದಾಗ ಹಳೆಯ ಆಯಿಲ್ ಎಳೆಯಾಗಿ ಇಳಿಯಲಿಲ್ಲ, ಹೆಪ್ಪುಹೆಪ್ಪಾಗಿ ಬಿತ್ತು. ಅಕೊಲ್ಗೊ ಹಳೆಯ ಫಿಲ್ಟರನ್ನು ಗರಗಸದಿಂದ ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಬಿಸಿಲಿಗೆ ಹರಡಿದ. ಹೊಳೆಯುವ ಲೋಹದ ಪುಡಿ ಇದ್ದರೆ ಒಳಗೆ ಬೇರಿಂಗ್ ಸವೆದಿದೆಯೆಂದು ಅರ್ಥ. ಮೂವರೂ ಕುಕ್ಕರಗಾಲಲ್ಲಿ ಕೂತು ಹುಡುಕಿದೆವು. ದಕುರಾ ಕನ್ನಡಕ ಹಾಕಿಕೊಂಡು ಒಂದೊಂದೇ ಮಡಿಕೆ ಬಿಡಿಸಿದರು. ಸಣ್ಣ ಮೀನಿನ ಹುರುಪೆಯಂಥವು ನಾಲ್ಕು ಸಿಕ್ಕವು.

ಅಕೊಲ್ಗೊನ ದನಿಯಲ್ಲಿ ಗೇಲಿ ಇರಲಿಲ್ಲ. "ಸವೆದಿದೆ, ಸತ್ತಿಲ್ಲ. ಐವತ್ತು ಗಂಟೆ ಆದ ತಕ್ಷಣ ಮತ್ತೆ ಬದಲಾಯಿಸಿ. ಮತ್ತೆ ಕೊಯ್ದು ನೋಡೋಣ. ಹೊಳೆಯೋದು ಜಾಸ್ತಿಯಾದ್ರೆ ಹೇಳ್ತೀನಿ."

ದಕುರಾ ಕೈ ಒರೆಸಿಕೊಂಡು ಎದ್ದರು. ಜೇಬಿನಿಂದ ಕೀ ತೆಗೆದು ಕೈಯಲ್ಲೇ ಹಿಡಿದು ನಿಂತರು.

"ನಿಯಮ ನಂದು, ಗೆರೆ ನಿಂದು. ಇಬ್ರೂ ಕುರುಡರೇ," ಎಂದರು. "ಸೀಟು ಹತ್ತು. ಎತ್ತರದ ಹೊಲ ಮೊದಲು. ಕತ್ತಲಾಗೋದರೊಳಗೆ ಎರಡು ಎಕರೆ ಆಗುತ್ತೆ." ತಾವೇ ತಿದ್ದಿಕೊಂಡು, "ಎರಡು ಗಂಟೆ," ಎಂದರು.

ಕೀ ತಿರುಗಿಸಿದೆ. ಹೊಸ ಫಿಲ್ಟರ್ ತುಂಬುವವರೆಗೆ ಮುಳ್ಳು ಮಲಗಿಯೇ ಇತ್ತು, ಆಮೇಲೆ ಏರಿತು, ತಾನಿರಬೇಕಾದಲ್ಲಿ ನಿಂತಿತು. ಯೆಲ್ಪಾಲಾನ ಹೊಲ ಎತ್ತರದ್ದು. ಮುದುಕ ಬದುವಿನ ಮೇಲೆ ಕಾಯುತ್ತಿದ್ದ. ನೇಗಿಲಿನ ಡಿಸ್ಕು ನೆಲಕ್ಕೆ ಇಳಿದಾಗ ಅವನು ಏನೋ ಕೂಗಿ ಹೇಳಿದ. ನನಗೆ ಕೇಳಿಸಲಿಲ್ಲ. ಕಿವಿಯೆಲ್ಲ ಇಂಜಿನ್ನಿನಲ್ಲಿತ್ತು, ಐವತ್ತರಲ್ಲಿ ಇನ್ನೂ ಮೊದಲ ಗಂಟೆ ನಡೆಯುತ್ತಿತ್ತು.