ಪುಟದ ಕೆಳಗಿದ್ದ ‘ಇಲ್ಲ’

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸುಹಾಸ, ಶುಭಾಂಗಿ ಗಂಡ-ಹೆಂಡತಿ ಸೇರಿ ಮದುವೆ ವಿಡಿಯೋದ ಅಂಗಡಿ ನಡೆಸುತ್ತಿದ್ದರು. ಕ್ಯಾಮೆರಾ ಹಿಡಿದು ಊರೂರು ತಿರುಗುವುದು ಸುಹಾಸನ ಪಾಲು. ಆತ ತಂದದ್ದನ್ನು ಕಂಪ್ಯೂಟರಿಗೆ ಹಾಕಿ, ಬೇಡವಾದದ್ದು ಕತ್ತರಿಸಿ, ಹಾಡು ಕೂಡಿಸಿ ಡಿವಿಡಿ ಮಾಡುವುದು ಶುಭಾಂಗಿಯ ಪಾಲು. ಆ ಕೆಲಸವನ್ನು ಆಕೆಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ವಿಡಿಯೋ ಸಾಫ್ಟ್‌ವೇರಿನ ಕಂಪನಿ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದ ಸಹಾಯದ ಪುಟಗಳನ್ನು ತೆರೆದು, ತಿಳಿಯದ ಇಂಗ್ಲಿಷ್ ಶಬ್ದಗಳಿಗೆ ಡಿಕ್ಷನರಿ ನೋಡಿ, ತಾನೇ ಕಲಿತಿದ್ದಳು. ಹಿರಿಯರ ಮಾತನ್ನು ನಂಬಿದಂತೆ ಆ ಪುಟಗಳನ್ನು ನಂಬುತ್ತಿದ್ದಳು.

೨೦೧೩ರ ಬೇಸಿಗೆಯಲ್ಲಿ ಅಕ್ಕೋಳದ ದ್ರೌಪದಿಯ ಮಗಳು ಕಾಜಲಳ ಮದುವೆ ಆಯಿತು. ಕಾಗವಾಡದ ಬೀಗರು. ದ್ರೌಪದಿಯ ಗಂಡ ಜಕ್ಕಪ್ಪ ಮಿಲ್ಟ್ರಿಯಲ್ಲಿ ಸುಬೇದಾರ. ರಜೆ ಮಂಜೂರಾಗಿ, ರೈಲಿನ ಟಿಕೀಟೂ ಆದ ಮೇಲೆ ಗಡಿಯಲ್ಲಿ ಏನೋ ಗದ್ದಲವಾಗಿ ರಜೆ ರದ್ದಾಯಿತು. ಬೀಗರು ಮುಹೂರ್ತ ಮುಂದೆ ಹಾಕಲು ತಯಾರಿದ್ದರು. ಜಕ್ಕಪ್ಪನೇ ಬೇಡವೆಂದ. ಕನ್ಯಾದಾನಕ್ಕೆ ಆತನ ತಮ್ಮ ಸತ್ತೆಪ್ಪ ಮತ್ತು ಸತ್ತೆಪ್ಪನ ಹೆಂಡತಿ ಕೂತರು. ಏನನ್ನೂ ಬಿಡಬೇಡ, ಅವರು ಇಲ್ಲೇ ಕೂತು ನೋಡಿದಂಗ ಆಗಬೇಕು ಎಂದು ದ್ರೌಪದಿ ಸುಹಾಸನಿಗೆ ಮತ್ತೆ ಮತ್ತೆ ಹೇಳಿದ್ದಳು. ಆತ ಏನನ್ನೂ ಬಿಡಲಿಲ್ಲ.

ತೊಂದರೆ ಬಂದದ್ದು ಕತ್ತರಿಸಿ ಕೂಡಿಸುವ ಮಿಕ್ಸಿಂಗಿನಲ್ಲಿ. ಶುಭಾಂಗಿ ಮದುವೆಯನ್ನು ಅರಿಷಿಣ, ಅಕ್ಷತೆಯ ಅಕ್ಕಿಕಾಳು, ಕನ್ಯಾದಾನ, ಮಗಳನ್ನು ಕಳಿಸಿಕೊಡುವುದು ಎಂದು ಬೇರೆ ಬೇರೆ ಭಾಗ ಮಾಡಿಕೊಂಡಿದ್ದಳು. ಅರಿಷಿಣದ ಭಾಗ ತೆರೆದು ಕೆಲಸ ಮಾಡುತ್ತಿದ್ದಾಗ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಯಂತ್ರ ತಡವರಿಸತೊಡಗಿತು. ಎಂದಿನಂತೆ ಸಹಾಯದ ಪುಟ ತೆರೆದಳು. ಬಳಸದ ಫೈಲುಗಳನ್ನು ತೆಗೆದುಹಾಕಿದರೆ ಜಾಗ ಆಗುತ್ತದೆ, ಇಂಥ ಬಟನ್ ಒತ್ತಿರಿ ಎಂದು ಅಲ್ಲಿತ್ತು. ಒತ್ತಿದಳು. ಯಂತ್ರ ಹಗುರಾಯಿತು. ಸಮಾಧಾನದಿಂದ ಕನ್ಯಾದಾನದ ಭಾಗ ತೆರೆದರೆ ಪರದೆಯ ತುಂಬ ಕೆಂಪು ಚೌಕಗಳು. ಫೈಲ್ ಸಿಗುತ್ತಿಲ್ಲ ಎಂದು ಪ್ರತಿಯೊಂದರ ಮೇಲೂ ಬರೆದಿತ್ತು. ಅಕ್ಕಿಕಾಳಿನ ಭಾಗವೂ ಹಾಗೇ. ಅರಿಷಿಣದ್ದೊಂದು ಬಿಟ್ಟು ಮದುವೆಯೇ ಇರಲಿಲ್ಲ.

ರೀಸೈಕಲ್ ಬಿನ್ನಿನಲ್ಲಿ ಏನೂ ಇರಲಿಲ್ಲ. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಸುಹಾಸ ಆಗಲೇ ರಾಯಬಾಗದ ಇನ್ನೊಂದು ಮದುವೆಗೆ ಬಳಸಿದ್ದ. ಆತ ಬಂದಾಗ ಶುಭಾಂಗಿ ಕೈ ಕಟ್ಟಿಕೊಂಡು ಕೂತಿದ್ದಳು. ಆತ ಬೈಯಲಿಲ್ಲ. ಹೋದ ಫೈಲು ವಾಪಸು ತರುವ ಸಾಫ್ಟ್‌ವೇರ್ ಒಂದಿದೆ, ಗೆಳೆಯನ ಹತ್ತಿರ ಸಿಗುತ್ತದೆ, ಹಾಕಿ ನೋಡೋಣ ಎಂದ. ಶುಭಾಂಗಿ ಒಪ್ಪಲಿಲ್ಲ. ಹೊಸದೇನಾದರೂ ಹಾಕಿದರೆ ಉಳಿದದ್ದೂ ಅಳಿಸಿಹೋದೀತೆಂಬ ಹೆದರಿಕೆ. ಆ ಕಂಪ್ಯೂಟರನ್ನು ಯಾರೂ ಮುಟ್ಟಬಾರದೆಂದು ಬಂದ್ ಮಾಡಿ ಮೇಲೊಂದು ಬಟ್ಟೆ ಹೊದಿಸಿದಳು.

ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಅದೇ ಪುಟವನ್ನು ಮತ್ತೆ ಓದಿದಳು. ತಪ್ಪೆಲ್ಲಿ ಆಯಿತೆಂದು ತಿಳಿಯಲಿಲ್ಲ. ಹೇಳಿದ್ದನ್ನೇ ಮಾಡಿದ್ದಳು. ಪುಟದ ತೀರ ಕೆಳಗೆ, ಇದರಿಂದ ನಿಮಗೆ ಉಪಯೋಗವಾಯಿತೇ ಎಂಬ ಪ್ರಶ್ನೆ, ಪಕ್ಕದಲ್ಲಿ ಹೌದು ಮತ್ತು ಇಲ್ಲ. ಇಷ್ಟು ವರ್ಷ ಅದನ್ನು ನೋಡಿಯೂ ನೋಡದಂತೆ ಮುಂದೆ ಹೋಗಿದ್ದಳು. ಈಗ ‘ಇಲ್ಲ’ ಒತ್ತಿದಳು. ಯಾಕೆಂದು ಹೇಳಿರಿ ಎಂದು ಒಂದು ಖಾಲಿ ಡಬ್ಬಿ ತೆರೆದುಕೊಂಡಿತು.

ಇಂಗ್ಲಿಷಿನಲ್ಲಿ ಒಂದೆರಡು ಸಾಲು ಬರೆದಳು. ಮುಂದಕ್ಕೆ ಸಾಗಲಿಲ್ಲ. ತವರು ನಿಪ್ಪಾಣಿ, ಕಲಿತದ್ದು ಮರಾಠಿ ಶಾಲೆ. ಹೇಗೂ ಇದನ್ನು ಯಾರು ಓದುತ್ತಾರೆ ಎಂದುಕೊಂಡು, ಇಂಗ್ಲಿಷ್ ಅಕ್ಷರದಲ್ಲೇ ಮರಾಠಿ ಬರೆಯುತ್ತ ಹೋದಳು. ಏನು ಒತ್ತಿದೆ, ಏನು ಹೋಯಿತು, ಅದು ಯಾರ ಮದುವೆ, ಅದನ್ನು ನೋಡಲು ಯಾರು ಎಲ್ಲಿ ಕಾಯುತ್ತಿದ್ದಾರೆ, ಎಲ್ಲ ಬರೆದಳು. ‘ನಿಮ್ಮ ಪುಟ ತೆಗೆಯುವುದನ್ನು ಹೇಳಿಕೊಟ್ಟಿತು, ತೆಗೆದದ್ದು ಎಲ್ಲಿಗೆ ಹೋಗುತ್ತದೆಂದು ಹೇಳಲಿಲ್ಲ’ ಎಂಬುದು ಕೊನೆಯ ಸಾಲು. ಕೆಳಗೆ ಫೋನ್ ನಂಬರ್ ಹಾಕಿ ಕಳಿಸಿದಳು.

ಒಂದು ವಾರವಾದರೂ ಉತ್ತರ ಬರಲಿಲ್ಲ. ಜಕ್ಕಪ್ಪನಿಗೆ ಮತ್ತೆ ರಜೆ ಸಿಕ್ಕಿದೆಯೆಂಬ ಸುದ್ದಿ ಮಾತ್ರ ಬಂತು. ಶುಭಾಂಗಿ ಅಕ್ಕೋಳದ ಬಸ್ಸು ಹತ್ತಿದಳು.

ದ್ರೌಪದಿ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ಶುಭಾಂಗಿ ಏನನ್ನೂ ಮುಚ್ಚಿಡದೆ, ತನ್ನ ಕೈಯಿಂದಲೇ ಹೋಯಿತೆಂದು ಹೇಳಿದಳು. ದ್ರೌಪದಿಯ ಕೈ ಶೇಂಗಾದ ಮೇಲೆ ಹಾಗೇ ನಿಂತಿತು. ಕೇಳಿದಳು, “ಪೂರಾ ಹೋತೇನ ತಂಗಿ?”

“ಗೊತ್ತಿಲ್ರಿ ಅಕ್ಕಾರ. ಹೋಗೇತಿ ಅನ್ನಾಕ ನನಗ ಬಾಯಿ ಬರವಲ್ದು.”

ದ್ರೌಪದಿ ಸೆರಗಿನಿಂದ ಮುಖ ಒರೆಸಿಕೊಂಡಳು. “ನಮ್ಮವ್ರು ದಿನಾ ಫೋನ್ ಮಾಡಿ, ಕಾಜಲ ಹೆಂಗ ಕಾಣಾಕತ್ತಿದ್ಲು ಅಂತ ಕೇಳ್ತಾರ. ನಾ ಹೇಳ್ತೀನಿ, ಬಂದು ನೋಡ್ರಿ ಅಂತ. ಈಗ ಅವ್ರಿಗೇನೂ ಹೇಳೂದಿಲ್ಲ. ನೀ ಇನ್ನಾ ಹುಡುಕ.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ವಾಪಸು ಬರುವ ಬಸ್ಸಿನಲ್ಲಿ ಶುಭಾಂಗಿಗೆ ಕಿಟಕಿಯ ಹೊರಗೆ ಏನಿದೆಯೆಂಬುದೂ ಕಾಣಲಿಲ್ಲ.

ಮರುದಿನ ಮುಂಜಾನೆ ಅಂಗಡಿ ಕಸ ಹೊಡೆಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಮರಾಠಿಯಲ್ಲಿ ಮಾತಾಡಿದಳು. ಹೆಸರು ಸಾರಿಕಾ, ಪುಣೆಯಲ್ಲಿ ಅದೇ ಕಂಪನಿಯ ಕೆಲಸ, ಸಹಾಯದ ಪುಟಗಳನ್ನು ಬರೆಯುವವರಲ್ಲಿ ಒಬ್ಬಳು. ಶುಭಾಂಗಿಯ ಬರಹ ಯಾವ ಭಾಷೆಯೆಂದು ತಿಳಿಯದೆ ವಿದೇಶದ ಆಫೀಸಿನಲ್ಲಿ ಕೈಯಿಂದ ಕೈಗೆ ಹೋಗಿ, ಕೊನೆಗೆ ನಿನ್ನೆ ಸಂಜೆ ತನ್ನ ಹತ್ತಿರ ಬಂತಂತೆ. ಆಮೇಲೆ ಆಕೆ ಕೇಳಿದ್ದು ಒಂದೇ ಮಾತು: ಕಂಪ್ಯೂಟರಿನಲ್ಲಿ ಬೇರೇನಾದರೂ ಹಾಕಿದ್ದೀರಾ? ಮುಟ್ಟಿಯೇ ಇಲ್ಲವೆಂದಾಗ ಆಕೆ ಉಸಿರು ಬಿಟ್ಟದ್ದು ಇಲ್ಲಿಯವರೆಗೂ ಕೇಳಿಸಿತು.

ಶುಭಾಂಗಿ ಬಟ್ಟೆ ಸರಿಸಿ ಕಂಪ್ಯೂಟರ್ ಚಾಲೂ ಮಾಡಿದಳು. ಸಾರಿಕಾ ಹೇಳಿದಂತೆ ಇನ್ನೊಂದು ಡ್ರೈವ್ ತೆರೆದು, ಮರೆಯಾಗಿರುವ ಫೋಲ್ಡರುಗಳನ್ನು ತೋರಿಸುವ ಗುರುತು ಹಾಕಿದಳು. ಖಾಲಿ ಕಾಣುತ್ತಿದ್ದ ಜಾಗದಲ್ಲಿ ಮಸುಕಾದ ಒಂದು ಫೋಲ್ಡರ್ ಮೂಡಿತು. ತೆರೆದಳು. ಬಾಸಿಂಗ ಕಟ್ಟಿಕೊಂಡ ಕಾಜಲ, ತಲೆ ಬಗ್ಗಿಸಿ ಕೂತ ಸತ್ತೆಪ್ಪ, ಅಕ್ಕಿಕಾಳು ಹಿಡಿದು ನಿಂತ ಹೆಣ್ಣುಮಕ್ಕಳು, ಸಣ್ಣ ಸಣ್ಣ ಚಿತ್ರಗಳಾಗಿ ಸಾಲುಸಾಲಾಗಿ ಬಂದರು. ಶುಭಾಂಗಿ ಒಂದೊಂದನ್ನೂ ಒತ್ತಿ ನೋಡಿದಳು. ಕುರ್ಚಿಯ ಹಿಂದೆ ನಿಂತಿದ್ದ ಸುಹಾಸ ಫೋನಿಗೆ ಬಾಗಿ, ಸಿಕ್ಕಿತು, ಎಲ್ಲ ಸಿಕ್ಕಿತು ಎಂದ.

ಸಾರಿಕಾ ಫೋನ್ ಇಡಲಿಲ್ಲ. ಆ ಪುಟ ಬರೆದವಳು ತಾನೇ ಎಂದಳು. ಒಂದೇ ಭಾಗವಿದ್ದ ಸಣ್ಣ ವಿಡಿಯೋ ಇಟ್ಟುಕೊಂಡು ಪರೀಕ್ಷೆ ಮಾಡಿ ಬರೆದಿದ್ದಳಂತೆ. ತೆರೆದಿಲ್ಲದ ಭಾಗಗಳಲ್ಲಿರುವುದನ್ನೂ ಯಂತ್ರ ಬಳಸದ ಫೈಲೆಂದೇ ಎಣಿಸಿ ಬದಿಗಿಡುತ್ತದೆಂದು ಹೊಳೆದಿರಲಿಲ್ಲ. ಹೊಸದೇನಾದರೂ ಹಾಕಿ ಜಾಗ ಸಾಲದಾಗಿದ್ದರೆ, ಹಾಗೆ ಬದಿಗಿಟ್ಟದ್ದನ್ನು ಯಂತ್ರ ಪೂರ್ತಿ ಅಳಿಸಿಬಿಡುತ್ತಿತ್ತಂತೆ. ಎಷ್ಟೋ ಜನ ‘ಇಲ್ಲ’ ಒತ್ತಿ ಹೋಗಿದ್ದರು, ಯಾಕೆಂದು ಯಾರೂ ಬರೆದಿರಲಿಲ್ಲ.

“ನಿನ್ನೆಯಿಂದ ನನಗೂ ಊಟ ಸೇರಿಲ್ಲ ಅಕ್ಕಾ,” ಎಂದಳು ಸಾರಿಕಾ. “ಈಗ ಹೇಳಿ, ಆ ಪುಟ ಹೇಗಿರಬೇಕಿತ್ತು?”

ಶುಭಾಂಗಿ ಯೋಚಿಸಿದಳು. ಒತ್ತಿರಿ ಅನ್ನುವ ಮೊದಲು, ಒತ್ತಿದರೆ ಏನು ಹೋಗುತ್ತದೆ, ಎಲ್ಲಿಗೆ ಹೋಗುತ್ತದೆಂದು ಹೇಳಿದ್ದರೆ ಸಾಕಿತ್ತು ಎಂದಳು. ಆ ಕಡೆ ಬರೆದುಕೊಳ್ಳುವ ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಇಬ್ಬರೂ ನಿಪ್ಪಾಣಿ, ಪುಣೆ ಎಂದು ಊರ ಮಾತು ಆಡಿದರು. ಕೆಲವು ದಿನಗಳಲ್ಲಿ ಆ ಪುಟದಲ್ಲಿ ಬಟನ್ನಿನ ಮಾತಿಗಿಂತ ಮೊದಲು ಹೊಸ ಎರಡು ಸಾಲು ಬಂದವು.

ಸಾರಿಕಾ ಫೋನ್ ಇಟ್ಟ ಕೂಡಲೇ ಶುಭಾಂಗಿ ಮೊದಲು ಮಾಡಿದ ಕೆಲಸ ಅಕ್ಕೋಳಕ್ಕೆ ಫೋನ್. ದ್ರೌಪದಿ ಸುದ್ದಿ ಕೇಳಿ, “ಚಲೋ ಆತು ನೋಡ್ ತಂಗಿ,” ಎಂದಷ್ಟೇ ಹೇಳಿ ಅಳತೊಡಗಿದಳು.

ಜಕ್ಕಪ್ಪ ಬಂದ ಮೇಲೆ ಶುಭಾಂಗಿ, ಸುಹಾಸ ಇಬ್ಬರನ್ನೂ ಊಟಕ್ಕೆ ಕರೆದರು. ಡಿವಿಡಿ ಹಾಕಿದಾಗ ಮನೆಯವರೆಲ್ಲ ಟಿವಿಯ ಮುಂದೆ ಕೂತರು. ಜಕ್ಕಪ್ಪ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ನೋಡಿದ. ಕನ್ಯಾದಾನದ ಹೊತ್ತಿಗೆ ಪರದೆಯ ಮೇಲೆ ಸತ್ತೆಪ್ಪ ಕಾಜಲಳ ಕೈ ಹಿಡಿದುಕೊಂಡು ಸಣ್ಣ ಮಕ್ಕಳಂತೆ ಅಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಸತ್ತೆಪ್ಪ ನಾಚಿ, ಇದನ್ನ ತಗೀಬೇಕಿತ್ತು ನೀವು ಎಂದು ಶುಭಾಂಗಿಗೆ ಗೊಣಗಿದ.

“ಇರ್ಲಿ, ಇರವಲ್ದ್ಯಾಕ,” ಎಂದ ಜಕ್ಕಪ್ಪ, ಕಣ್ಣು ಟಿವಿಯಿಂದ ತೆಗೆಯದೆ. “ನಾ ಇದ್ರೂ ಇಷ್ಟ ಅಳ್ತಿದ್ದೆ.”

ಕೈ ಚಾಚಿ ತಮ್ಮನ ಹೆಗಲ ಮೇಲೆ ಇಟ್ಟ. ಒಳಗಿನಿಂದ ದ್ರೌಪದಿ ತಾಟು ಹಾಕಿದ್ದೇನೆಂದು ಕರೆದಳು. ಯಾರೂ ಏಳಲಿಲ್ಲ. ಆಕೆಯೇ ಹೊರಗೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತ ನಿಂತಳು.