ಹತ್ತು ಬೆರಳು

"ಮುಳುಗಿಸ್ರೇ ಮುಂಡೇರಾ, ಮೊಣಕೈ ತನಕ! ಹಾಲಲ್ಲಿ ಅದ್ದೋ ಹಂಗೆ ಅದ್ದಿದ್ರೆ ಆಗಲ್ಲ. ತಿಕ್ಕಿ!"

ಮೇಸ್ತ್ರಿ ಬ್ಲೀಚಿಂಗ್ ಪುಡಿ ಕಲಸಿದ ಬಕೆಟ್ಟನ್ನು ಕಾಲಿನಿಂದಲೇ ನನ್ನ ಅತ್ತೆಯ ಮುಂದೆ ತಳ್ಳಿದ. ನೀರು ತುಳುಕಿ ಅವರ ಪಾದದ ಮೇಲೆ ಬಿತ್ತು. ಅತ್ತೆ ಪಾದ ಹಿಂದೆಗೆಯಲಿಲ್ಲ.

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ನಮ್ಮದು ಕಪ್ಪು ಬಣ್ಣದ ತೊಟ್ಟಿ. ಕುದಿಯುವ ನೀರಿನಲ್ಲಿ ಬಟ್ಟೆಯನ್ನು ಕೋಲಿನಿಂದ ತಿರುವುತ್ತಲೇ ಇರಬೇಕು. ಸ್ವಲ್ಪ ಹೊತ್ತು ಕೈಬಿಟ್ಟರೆ ಮಚ್ಚೆ ಬಿದ್ದು ಇಡೀ ತೊಟ್ಟಿಯ ಬಟ್ಟೆ ಹಾಳು. ಆಮೇಲೆ ಹಿಂಡುವುದು ಬರಿಗೈಯಲ್ಲಿ. ಅತ್ತೆಯ ಕೈ ಇಪ್ಪತ್ತೆರಡು ವರ್ಷದಿಂದ ಕಪ್ಪು. ನಾನು ಹೆತ್ತಾಗ, ಮಗುವಿಗೆ ಬಣ್ಣ ಹತ್ತೀತೆಂದು, ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಯೇ ಎತ್ತಿಕೊಂಡಿದ್ದರು.

"ಈ ಕೈಗೆ ಓಟಿನ ಶಾಯಿ ಹಾಕಿದ್ರೆ ಯಾವನಿಗೆ ಕಾಣತ್ತೆ?" ಎಂದ ಮೇಸ್ತ್ರಿ. "ನಾಳೆ ಓಟು, ನಮ್ಮ ಯಜಮಾನ್ರು ನಿಂತಿರೋದು ಗೊತ್ತಲ್ಲ? ನಾಡಿದ್ದು ಗೇಟಲ್ಲಿ ಒಬ್ಬೊಬ್ಬಳೂ ಬೆರಳು ತೋರಿಸಿ ಒಳಗೆ ಬರಬೇಕು. ಗುರುತಿಲ್ಲದವಳಿಗೆ ಕೆಲಸ ಇಲ್ಲ."

"ಗುರುತು ನೋಡಿದ್ರೆ ಯಾರಿಗೆ ಹಾಕಿದ್ವಿ ಅಂತ ತಿಳಿಯತ್ತಾ ಮೇಸ್ತ್ರಿ?" ಅತ್ತೆ ಕೇಳಿದರು.

"ಏ ಮುದುಕಿ, ಯಜಮಾನ್ರ ಅನ್ನ ತಿಂದು ಬೇರೆಯವನಿಗೆ ಒತ್ತುವಷ್ಟು ಕೊಬ್ಬು ನಿಮಗೆಲ್ಲಿ ಬಂತು? ನಿಮ್ಮ ಓಣಿಗೆ ಪೆಟ್ಟಿಗೆ ಒಂದೇ. ಎಣಿಸಿದಾಗ ಎಲ್ಲ ಈಚೆ ಬರತ್ತೆ. ತಿಕ್ಕು."

ಅತ್ತೆ ತಿಕ್ಕಿದರು. ಒಡೆದ ಚರ್ಮದೊಳಗೆ ಪುಡಿ ಇಳಿದಾಗ ಅವರ ತುಟಿ ಬಿಗಿಯಾದದ್ದನ್ನು ನಾನೊಬ್ಬಳೇ ನೋಡಿದೆ. ಅವರ ಬಾಯಿಂದ ಇನ್ನೊಂದು ಮಾತು ಬಂದೀತೆಂದು ಹೆದರಿ ಮೆಲ್ಲಗೆ ಸೆರಗು ಜಗ್ಗಿದೆ.

ಬಕೆಟ್ಟಿನಿಂದ ಈಚೆ ಬಂದ ಕೈ ಯಾರದೋ ಕೈಯಂತಿತ್ತು. ನೀರಲ್ಲಿ ಬಹಳ ದಿನ ಬಿದ್ದಿದ್ದ ಕೈ.

ವಠಾರಕ್ಕೆ ಬಂದರೆ ಅದರ ಮಾಲೀಕ ನಮ್ಮ ಬಾಡಿಗೆ ಕೋಣೆಯ ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಕಾರ್ಖಾನೆಯ ಯಜಮಾನನ ಎದುರಾಳಿ ಅವನೇ. ಓಟಿಗೆ ನಿಂತವರು ಈ ಇಬ್ಬರೇ.

"ಅಕ್ಕಾ," ಎಂದ ಅತ್ತೆಗೆ. ಆವರೆಗೆ ಅವನು ಅವರನ್ನು ಕರೆದದ್ದು ಕೋಣೆಯ ನಂಬರಿನಿಂದ, "ಏ ಏಳನೇ ನಂಬರ್" ಎಂದು. "ಹೊಟ್ಟೆ ಉರಿಯತ್ತೆ ಅಕ್ಕಾ. ನಿನ್ನ ಮಗನ್ನ ತಿಂದವನು ಅವನು. ಕೊಳಚೆ ತೊಟ್ಟಿಗೆ ಹಗ್ಗಾನೂ ಕೊಡದೆ ಇಳಿಸಿ ಕೊಂದ, ಆಮೇಲೆ ಕುಡಿದು ಬಿದ್ದ ಅಂತ ಬರೆಸಿದ. ಅಂಥವನಿಗೆ ಹಾಕ್ತೀಯಾ?"

ನನ್ನ ಗಂಡ ಒಂದು ದಿನವೂ ಕುಡಿದವನಲ್ಲ.

"ಮಗನ ಸುದ್ದಿ ಚೆನ್ನಾಗಿ ನೆನಪಿದೆ ನಿಂಗೆ," ಅತ್ತೆ ಚಪ್ಪಲಿ ಬಿಡುತ್ತ ಹೇಳಿದರು. "ಅವತ್ತು ಹೆಣ ತಂದಾಗ ವಠಾರದ ಗೇಟಿಗೆ ಬೀಗ ಹಾಕಿದ್ದು ಯಾರು ತಮ್ಮಾ?"

ಅವನ ಮುಗಿದ ಕೈ ಸಡಿಲವಾಯಿತು. "ಅದು... ವಾಸನೆ ಬರ್ತಿತ್ತಲ್ಲ. ಬೇರೆ ಸಂಸಾರಗಳೂ ಇರ್ತಾವೆ. ನಾನು ಎಲ್ಲರನ್ನೂ ನೋಡಬೇಕಲ್ವ?"

"ನೋಡಿದೆ. ಸಂಜೆ ತನಕ ಬೀದಿಲಿ ಬಿಸಿಲಿಗೆ ಮಲಗಿದ್ದ ನನ್ನ ಮಗ. ನೀನು ಮಹಡಿ ಮೇಲೆ ನಿಂತು ನೋಡ್ತಿದ್ದೆ."

ಮಾಲೀಕ ನನ್ನ ಕಡೆ ತಿರುಗಿದ. ದನಿ ಬದಲಾಗಿತ್ತು. "ನೀನು ಓದಿದವಳು, ಬುದ್ಧಿ ಹೇಳು. ಏಳನೇ ನಂಬರಿಗೆ ಬರೋಕೆ ನಾಲ್ಕು ಜನ ಕಾಯ್ತಿದಾರೆ."

ಓಟಿನ ದಿನ ಬೆಳಗ್ಗೆ ತಲೆ ಬಾಚಿಕೊಳ್ಳುತ್ತ ಬುದ್ಧಿ ಹೇಳಿದೆ. ರಾತ್ರಿಯೆಲ್ಲ ಕೂಡಿಸಿ ಕಳೆದು ಇಟ್ಟುಕೊಂಡಿದ್ದ ಮಾತು.

"ಅತ್ತೆ, ಇಬ್ಬರಲ್ಲಿ ಮಾಲೀಕನೇ ಸ್ವಲ್ಪ ಪರವಾಗಿಲ್ಲ. ಕೊಂದಿಲ್ಲವಲ್ಲ. ಶಾಯಿ ಇದ್ರೆ ಕೆಲಸ ಉಳಿಯತ್ತೆ, ಅವನು ಗೆದ್ರೆ ಮನೆ ಉಳಿಯತ್ತೆ."

"ಸ್ವಲ್ಪ ಅಂದ್ರೆ ಎಷ್ಟೇ?" ಅತ್ತೆ ನೆಲದ ಮೇಲೆ ಕೂತು ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಬೆರಳಲ್ಲಿ ತೋರ್ಸು. ಇಷ್ಟಾ? ಇಷ್ಟಾ? ಒಬ್ಬ ನಿನ್ನ ಗಂಡನ್ನ ಕೊಂದ, ಒಬ್ಬ ಹೆಣಾನ ಒಳಗೆ ಬಿಡಲಿಲ್ಲ. ನಾನು ಹೋಗಿ ಅವರಲ್ಲಿ ಒಬ್ಬನ್ನ ಆರಿಸ್ಬೇಕಾ? ನಾನು ಬರಲ್ಲ. ನೀನು ಹೋಗು, ನಿಂಗೆ ಮಗಳಿದಾಳೆ. ಬೇಜಾರಿಲ್ಲ."

ಬೇಜಾರಿಲ್ಲ ಎಂದವರು ನಾನು ಹೊರಟಾಗ ಗೋಡೆ ಕಡೆ ತಿರುಗಿದರು.

ಶಾಲೆಯ ಕೋಣೆಯಲ್ಲಿ ಗುಮಾಸ್ತ ನನ್ನ ಬೆರಳನ್ನು ತುದಿಯಲ್ಲಿ ಹಿಡಿದು, "ಥೂ, ಎಷ್ಟು ಒರಟು," ಎನ್ನುತ್ತ ಶಾಯಿ ಹಚ್ಚಿ ಚೀಟಿ ಕೊಟ್ಟ. ರಟ್ಟಿನ ಮರೆಯಲ್ಲಿ ಚೀಟಿ ಬಿಡಿಸಿದೆ. ಎರಡು ಚಿತ್ರ, ಎರಡು ಹೆಸರು. ಮುದ್ರೆಯನ್ನು ಮಾಲೀಕನ ಚಿತ್ರದ ಮೇಲೆ ಹಿಡಿದೆ. ಒತ್ತಬೇಕೆಂದೇ ಬಂದಿದ್ದೆ. ಒತ್ತಲು ಹೊರಟಾಗ ಕಂಡದ್ದು ಗಂಡನ ಪಾದ. ಅವತ್ತು ಹೊದಿಕೆ ಸಾಲದೆ ಪಾದ ಹೊರಗಿತ್ತು. ನೆರಳು ಸರಿದಂತೆಲ್ಲ ನಾನು ಹೊದಿಕೆಯನ್ನು ಪಾದಕ್ಕೆ ಎಳೆಯುತ್ತಿದ್ದೆ, ಮುಖ ಬಿಸಿಲಿಗೆ ಬರುತ್ತಿತ್ತು. ಮುಖಕ್ಕೆ ಎಳೆದರೆ ಪಾದ.

"ಎಷ್ಟೊತ್ತಮ್ಮಾ? ನಿದ್ದೆ ಮಾಡ್ತಿದೀಯಾ?" ಗುಮಾಸ್ತ ಕೂಗಿದ.

ಚೀಟಿಯನ್ನು ಖಾಲಿಯಾಗಿಯೇ ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ.

ಅತ್ತೆಗೆ ಹೇಳಲಿಲ್ಲ. ಪಕ್ಕದ ಕೋಣೆಯ ಕೀಚಲಿಗೆ ಎಲ್ಲ ಕೇಳಿಸುತ್ತದೆ. ನಮ್ಮ ಜೊತೆಗೇ ಕೆಲಸಕ್ಕೆ ಬರುವ ಅವಳ ಕೀಚಲು ದನಿಗೆ ನಾವಿಟ್ಟ ಹೆಸರು ಅದು. ಯಜಮಾನರಿಗೇ ಹಾಕಿದೆ ಎಂದು ಅವಳು ಬೆಳಗಿನಿಂದ ವಠಾರಕ್ಕೆಲ್ಲ ಸಾರುತ್ತಿದ್ದಳು. ಅತ್ತೆ ನನ್ನ ಬೆರಳು ನೋಡಿ ತಟ್ಟೆ ಇಟ್ಟರು.

ಮಾರನೆಯ ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲಿ ಅತ್ತೆ ಎಲ್ಲರಿಗಿಂತ ಮುಂದೆ ನಿಂತರು. ಅವರ ಹಿಂದೆ ನಾನು. ಒಳಗೆ ಆಗಲೇ ತೊಟ್ಟಿಗೆ ಬಟ್ಟೆ ಇಳಿಸಿದ್ದರು, ಹಬೆ ಏಳುತ್ತಿತ್ತು.

"ಬೆರಳು," ಎಂದ ಮೇಸ್ತ್ರಿ.

ಅತ್ತೆ ಎರಡೂ ಕೈಗಳನ್ನು ಅವನ ಮೂಗಿನ ಹತ್ತಿರಕ್ಕೆ ಎತ್ತಿದರು. ಬಿಳಿಚಿದ, ಬಿರಿದ ಹತ್ತು ಬೆರಳು. ಎಲ್ಲೂ ಗುರುತಿಲ್ಲ.

"ನೋಡ್ಕೋ ಮೇಸ್ತ್ರಿ. ಹತ್ತೂ ಚೊಕ್ಕವಾಗಿವೆ. ನೀನೇ ತೊಳ್ಸಿದ್ದು."

"ಏನೇ ಬೋಳಿ, ತಮಾಷೆನಾ? ನಡಿ ಆಚೆ! ಇನ್ನು ಈ ಗೇಟ್ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ." ಅವರ ಭುಜ ಹಿಡಿದು ನೂಕಿದ. ಅತ್ತೆ ಮುಗ್ಗರಿಸಿ ಗೋಡೆಗೆ ಕೈಯೂರಿ ಅಲ್ಲೇ ಕೂತರು.

"ಮುಂದಿನವಳು."

ನನ್ನ ಬೆರಳು ತಾನಾಗಿಯೇ ಮೇಲೆದ್ದಿತ್ತು. ಮೇಸ್ತ್ರಿ ನೋಡಿದ. "ಹೂಂ. ಸೊಸೆಗಾದ್ರೂ ಬುದ್ಧಿ ಇದೆ. ಹೋಗು ಒಳಗೆ."

ಗೇಟು ನನ್ನೊಬ್ಬಳ ಅಗಲಕ್ಕೆ ತೆರೆದಿತ್ತು. ಹಿಂದಿನಿಂದ ಅತ್ತೆಯ ಕೆಮ್ಮು ಕೇಳಿಸಿತು.

"ನಾನು ಖಾಲಿ ಚೀಟಿ ಹಾಕ್ದೆ," ಎಂದೆ.

"ಏನಂದೆ?"

"ಯಾರಿಗೂ ಒತ್ತಲಿಲ್ಲ. ಖಾಲಿ ಮಡಚಿ ಹಾಕ್ದೆ."

ಅತ್ತೆ ತಲೆ ಎತ್ತಿದರು. ಮೇಸ್ತ್ರಿ ನನ್ನ ಬೆರಳನ್ನು ನೋಡಿದ, ಸಾಲಿನುದ್ದಕ್ಕೂ ಶಾಯಿ ಹತ್ತಿದ ಬೆರಳುಗಳನ್ನು ನೋಡಿದ.

"ನಂದೂ ಖಾಲೀನೇ!" ಕೀಚಲಿಯ ದನಿ ಬೀದಿ ಕೊನೆಗೂ ಕೇಳುವಂತೆ ಬಂತು.

"ಸುಳ್ಳು ಬೊಗಳಬೇಡ. ನಿನ್ನೆಯೆಲ್ಲ ಯಜಮಾನ್ರಿಗೇ ಅಂತ ಕುಣೀತಿದ್ದವಳು ನೀನು."

"ನಿನ್ನೆ ಹೇಳಿದ್ದೂ ನಾನೇ, ಇವತ್ತು ಹೇಳ್ತಿರೋದೂ ನಾನೇ. ಯಾವುದು ಸುಳ್ಳು ಅಂತ ಪೆಟ್ಟಿಗೇನೇ ಕೇಳು ಹೋಗು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ನಂದೂ," ಎಂದಿತು ಇನ್ನೊಂದು ದನಿ. ಆಮೇಲೆ ಮತ್ತೊಂದು. ಕೆಲವರು ನೆಲ ನೋಡುತ್ತಿದ್ದರು. ಆದರೆ ಗೇಟಿನ ಕಡೆ ಕಾಲಿಡಲಿಲ್ಲ.

ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ. ಅವರು ನನ್ನ ಶಾಯಿಯ ಬೆರಳನ್ನು ಹಿಡಿದು ತಿರುಗಿಸಿ ನೋಡಿದರು.

"ಮೊದ್ಲೇ ಹೇಳೋಕೇನಾಗಿತ್ತೇ? ನಿನ್ನೆಯಿಂದ ನಿನ್ನ ಮುಖ ನೋಡಿಲ್ಲ ನಾನು."

ಬೀದಿಯ ತಿರುವಿನಲ್ಲಿ ವಠಾರದ ಮಾಲೀಕನ ಆಳು ಸೈಕಲ್ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ. ಪೆಡಲ್ ತುಳಿದು ವಠಾರದ ಕಡೆ ಹೋದ.

ಎರಡನೆಯ ಸೈರನ್ ಆಯಿತು. ಮೇಸ್ತ್ರಿ ಒಳಗೆ ಓಡಿದ, ಹೊರಗೆ ಓಡಿ ಬಂದ. "ಏಳ್ರೇ! ತೊಟ್ಟಿ ಕುದೀತಿದೆ, ತಿರುವೋರು ಯಾರು? ಆಮೇಲೆ ಮಾತಾಡೋಣ, ಏಳ್ರಮ್ಮಾ!"

ಹಬೆಯ ವಾಸನೆ ಬದಲಾಗಿತ್ತು. ಅದು ನಮಗೆಲ್ಲರಿಗೂ ಗೊತ್ತಾಗುವ ವಾಸನೆ. ಅಭ್ಯಾಸಬಲದಿಂದ ನನ್ನ ಮೊಣಕಾಲು ಏಳಲು ಹೊರಟಿತು. ಅತ್ತೆ ತಮ್ಮ ಬಿಳಿ ಕೈಯನ್ನು ಅದರ ಮೇಲಿಟ್ಟರು.

"ಮಚ್ಚೆ ಬೀಳ್ತಿದೆ," ಎಂದರು.