ಲಾಡಿ ಕಟ್ಟಿದ ಹೊತ್ತು

ದನದ ಕೊಟ್ಟಿಗೆಯ ತಗಡು ಗಾಳಿಗೆ ಬಡಿಯುತ್ತದೆ, ಒಂದು ಮೊಳೆ ಹೊಡೆದುಕೊಡಿ ಎಂದು ಅಳಿಯನಿಗೆ ಹೇಳಿದವಳು ನಾನೇ. ಮಾರೇಶ್ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ನನ್ನ ಮಗಳು ಶೈಲಜಾಳ ಜೊತೆ ಎರಡು ದಿನಕ್ಕೆಂದು ದೇಶನೂರಿಗೆ ಬಂದಿದ್ದ. ಏಣಿ ಜಾರಿತು. ತಗಡಿನ ಅಂಚು ಅವನ ಬಲ ಮೊಣಕೈಯ ಕೆಳಗೆ ಸೀಳಿಬಿಟ್ಟಿತು.

ಟವೆಲ್ ಒತ್ತಿ ಹಿಡಿದೆ. ನೋಡುವಷ್ಟರಲ್ಲಿ ತೊಯ್ದು ತೊಟ್ಟಿಕ್ಕತೊಡಗಿತು. ಪಕ್ಕದಲ್ಲೇ ಒಣಗಹಾಕಿದ್ದ ನನ್ನ ಲಂಗದ ಲಾಡಿಯನ್ನು ಎಳೆದು, ತೋಳಿಗೆ ಎರಡು ಸುತ್ತು ಹಾಕಿ, ಕಡ್ಡಿ ಸಿಕ್ಕಿಸಿ ತಿರುವಿ ಗಂಟು ಬಿಗಿದೆ. ರಕ್ತ ನಿಂತಿತು. ಎರ್ರಣ್ಣನ ಆಟೋಗೆ ಫೋನ್ ಮಾಡಿದೆ.

ಸಿರುಗುಪ್ಪದ ಆಸ್ಪತ್ರೆಯ ಬಾಗಿಲಲ್ಲಿ ಶೈಲಜಾಳ ಫೋನಿಗೆ ಓಡಿಬಂದ ಮಾರೇಶನ ಅಣ್ಣ ದೊಡ್ಡಬಸವರಾಜ ನಿಂತಿದ್ದ. ಅಲ್ಲೇ ರೈಸ್ ಮಿಲ್ಲಿನಲ್ಲಿ ಅವನ ಕೆಲಸ. ಜೊತೆಗೆ ಮಿಲ್ಲಿನ ನಾಲ್ಕು ಜನ ಗಂಡಸರಿದ್ದರು.

"ಏನತ್ತಿ, ಅಳಿಯನ್ನ ಹಬ್ಬಕ್ಕ ಕರಿಯೋದು ಬಿಟ್ಟು ಕೂಲಿಗಿ ಕರದ್ರೇನು?" ಎಂದು ನಗಿಸಲು ನೋಡಿದ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಲಾಡಿ. ಬಣ್ಣಗೆಟ್ಟ ಗುಲಾಬಿ, ತುದಿಯಲ್ಲಿ ಹಿಂಜಿದ ಎಳೆ. ಅಳಿಯನ ತೋಳಿನಿಂದ, ಅಷ್ಟು ಜನರ ಮುಂದೆ, ನನ್ನ ಲಂಗದ ಲಾಡಿ ಜೋತಾಡುತ್ತಿತ್ತು. ಗಂಟಿನಾಚೆ ಚಾಚಿದ್ದ ಕಡ್ಡಿಯನ್ನು ಮುರಿದೆಸೆದು, ಲಾಡಿಯ ತುದಿಯನ್ನು ಅಂಗಿಯ ತೋಳಿನೊಳಗೆ ತುರುಕಿ, ಶೈಲಜಾಳ ವೇಲನ್ನು ಭುಜದಿಂದ ಮೊಣಕೈವರೆಗೂ ಸುತ್ತಿಬಿಟ್ಟೆ.

ಶೈಲಜಾ ಚೀಟಿ ಮಾಡಿಸಲು ಹೋದಳು. ಬಸವರಾಜ ಬಾಗಿಲಾಚೆ ಕುರುಗೋಡಿನ ತನ್ನ ತಾಯಿಗೆ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದ. ನರ್ಸಮ್ಮ ಗಾಯ ನೋಡಿ ಕೇಳಿದಳು: "ಮ್ಯಾಲೆ ಏನರ ಬಿಗಿದು ಕಟ್ಟೀರೇನಮ್ಮಾ?"

"ಇಲ್ರೀ. ಬರೇ ಬಟ್ಟಿ ಸುತ್ತೀವಿ."

ಮಾರೇಶ್ ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿದ. ನನ್ನ ಮಾನ ಕಾಯಲು ಸುಮ್ಮನಾದ, ಪುಣ್ಯಾತ್ಮ.

"ರಕ್ತ ತಾನಾ ನಿಂತೈತಲ್ಲ, ಹಂಗಾರ ಸ್ವಲ್ಪ ಕುಂದ್ರಿ. ಡಾಕ್ಟ್ರು ಹೆರಿಗಿ ಕೇಸಿನ್ಯಾಗ ಅದಾರ."

ಒಂದು ತಾಸು ಬೆಂಚಿನ ಮೇಲೆ ಕುಳಿತೆವು. "ಅತ್ತಿ, ಬೆರಳು ಜೋಮು ಹಿಡ್ದಾವು," ಎಂದ ಮಾರೇಶ್. ಗಾಯಕ್ಕೆ ಹಾಗಾಗುತ್ತದೆ ಎಂದು ಸಮಾಧಾನ ಮಾಡಿದೆ. ಡಾಕ್ಟರು ಬಂದವರೇ ಗಾಯವನ್ನಷ್ಟೇ ನೋಡಿ, ರಕ್ತನಾಳ ಕತ್ತರಿಸಿದಂತಿದೆ ಎಂದು ಬಳ್ಳಾರಿಗೆ ಬರೆದುಕೊಟ್ಟರು. ನಾನು ಆಂಬ್ಯುಲೆನ್ಸ್ ಹತ್ತಿದೆ. ಶೈಲಜಾ ಬಸವರಾಜನ ಬೈಕಿನಲ್ಲಿ ಹಿಂದೆ ಹೊರಟಳು.

ಕುರುಗೋಡಿಗೆ ತಿರುಗುವ ದಾರಿಯ ಹತ್ತಿರ ಮಾರೇಶ್ ನರಳತೊಡಗಿದ. ಆಂಬ್ಯುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ಹುಲಿಗೇಶ್ ಅವನ ಉಗುರು ಒತ್ತಿ ಬಿಟ್ಟು, ಇನ್ನೊಂದು ಒತ್ತಿದ.

"ಉಗುರಿಗಿ ಬಣ್ಣಾನ ಬರವಲ್ದು. ಕೈ ನೀರಿನ್ಯಾಗ ಇಟ್ಟಂಗ ತಣ್ಣಗೈತಿ. ಅಮ್ಮಾ, ಈ ವೇಲಿನ ಒಳಗ ಏನೈತಿ?"

ನಾನು ವೇಲಿನ ಅಂಚು ಹಿಡಿದುಕೊಂಡೆ. ಅವನೇ ವೇಲು ಬಿಚ್ಚಿದ. ಲಾಡಿ ಚರ್ಮದೊಳಗೆ ಹೂತು ಹೋಗಿತ್ತು. ಅಯ್ಯೋ ಎಂದು ಗಂಟಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ್ರಿ!" ನನ್ನ ಮಣಿಕಟ್ಟು ಹಿಡಿದ. "ಇಲ್ಲಿ ಬಿಚ್ಚಿದ್ರ ರಕ್ತ ಹರಿದುಹೋಗತೈತಿ. ಇಷ್ಟೊತ್ತು ಸತ್ತಂಗಿದ್ದ ಕೈಯಾಗಿನ ವಿಷ ಒಮ್ಮಿಗೇ ಮೈಗೆ ಏರತೈತಿ. ಡಾಕ್ಟ್ರ ಮುಂದಾ ಬಿಚ್ಚಬೇಕು. ಕಟ್ಟಿದ್ದು ಎಷ್ಟೊತ್ತಿಗಿ?"

ಗೊತ್ತಿರಲಿಲ್ಲ. ಫೋನ್ ತೆಗೆದು ನೋಡಿದೆ. ಎರ್ರಣ್ಣನಿಗೆ ಕರೆ ಹೋದದ್ದು ಒಂಬತ್ತು ಐವತ್ತೆರಡಕ್ಕೆ. ಈಗ ಹನ್ನೆರಡು ದಾಟಿತ್ತು. ಹುಲಿಗೇಶ್ ಮಾರೇಶನ ಹಣೆಯ ಮೇಲೆ ಪೆನ್ನಿನಿಂದ ೯.೫೦ ಎಂದು ಬರೆದು, ಬಳ್ಳಾರಿಗೆ ಫೋನ್ ಹಚ್ಚಿ ಆಪರೇಷನ್‌ಗೆ ಸಿದ್ಧವಿರಲು ಹೇಳಿದ.

"ಕಟ್ಟಿದ್ದು ತಪ್ಪಲ್ಲಮ್ಮಾ," ಎಂದ ಆಮೇಲೆ, ಮೆತ್ತಗೆ. "ಕಟ್ಟದಿದ್ರ ಸಿರುಗುಪ್ಪನೂ ಮುಟ್ತಿದ್ದಿಲ್ಲ. ನಾಕು ಬೆರಳು ಅಗಲದ ಬಟ್ಟಿ ಆಗಬೇಕಿತ್ತು. ದಾರ ನರ ಕೊಯ್ತೈತಿ. ಕಟ್ಟಿದ್ದು ಎಲ್ಲರಿಗೂ ಕಾಣಂಗ ಇಡಬೇಕು, ಹೊತ್ತು ಹೇಳಬೇಕು. ಎರಡು ತಾಸು ದಾಟಿತಂದ್ರ ಒಂದೊಂದು ನಿಮಿಷನೂ ಕೈಗೆ ಕೇಡು."

ಸಂಜೆ ಹೊತ್ತಿಗೆ ಡಾಕ್ಟರು ಹೊರಬಂದರು. ಕೈ ಉಳಿದಿದೆ. ಆದರೆ ಹೆಬ್ಬೆರಳು, ತೋರುಬೆರಳಿನ ಶಕ್ತಿ ಬರಲು ತಿಂಗಳುಗಳೇ ಬೇಕು, ಪೂರ್ತಿ ಬರುತ್ತದೆಂದು ಈಗ ಹೇಳಲಾಗದು. ಕತ್ತರಿ ಹಿಡಿಯುವ ಬೆರಳುಗಳು.

ಕುರುಗೋಡಿನಿಂದ ಬೀಗತಿ ದಾಕ್ಷಾಯಣಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಕಟ್ಟಿದ್ದಕ್ಕ ನನ್ನ ಮಗ ಉಳದನ್ರೀ," ಎಂದು ಅತ್ತರು. ಆ ಕೈಗಳನ್ನು ಬಿಡಿಸಿಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಬಸವರಾಜ ಕುದಿಯುತ್ತಿದ್ದ. "ಆ ನರ್ಸಮ್ಮಗ ಕಣ್ಣಿರಲಿಲ್ಲೇನು? ಒಂದು ತಾಸು ಬೆಂಚಿನ ಮ್ಯಾಲೆ ಕುಂದ್ರಿಸ್ಯಾಳ. ನಾಳೆ ಕಂಪ್ಲೇಂಟ್ ಬರೀತೀನಿ. ಆಕಿ ನೌಕ್ರಿ ಉಳಿಬಾರ್ದು."

ಬೀಗತಿ ತಲೆಯಾಡಿಸಿದರು. ನಾನು ಸುಮ್ಮನಿದ್ದರೆ ಅದು ಹಾಗೇ ಮುಗಿದುಹೋಗುತ್ತಿತ್ತು.

"ಬಸವರಾಜಪ್ಪ, ಆಕಿ ಕೇಳಿದ್ಲು."

"ಏನಂತ?"

"ಏನರ ಕಟ್ಟೀರೇನಂತ. ನಾನಾ ಇಲ್ಲಂದೆ."

ಬೀಗತಿಯ ಹಿಡಿತ ಸಡಿಲವಾಯಿತು.

"ಯಾಕತ್ತಿ?"

"ನನ್ನ ಲಂಗದ ಲಾಡಿ ಅದು. ನೀವೆಲ್ಲಾ ಗಂಡಸ್ರು ನಿಂತಿದ್ರಿ."

ಬಸವರಾಜ ಗೋಡೆಯ ಕಡೆ ತಿರುಗಿದ. ಯಾರಾದರೂ ಬಯ್ದಿದ್ದರೆ ಹಗುರಾಗುತ್ತಿತ್ತು.

"ಅಷ್ಟಕ್ಕಾ, ಅವ್ವಾ?" ಶೈಲಜಾ ಕೇಳಿದಳು.

"ಹೂಂ, ಅಷ್ಟಕ್ಕಾ," ಎಂದೆ.